ಎರಡು ಕಪಾಟಿನ ಯುದ್ಧ

ಹಳೆಪುಸ್ತಕದ ಅಂಗಡಿಗಳಲ್ಲಿ ಎರಡನೇ ಮಹಾಯುದ್ಧವನ್ನು ಎರಡು ಕಡೆ ಹಂಚಿ ಇಟ್ಟಿರುತ್ತಾರೆ. ಬಾಂಬರ್ ವಿಮಾನ ಹತ್ತಿ ಹೋದ ಗಂಡಸರ ಪುಸ್ತಕಗಳು ‘ಮಿಲಿಟರಿ’ ಅಂತ ಚೀಟಿ ಅಂಟಿಸಿದ ಕಪಾಟಿನಲ್ಲಿ, ಟ್ಯಾಂಕು, ಸಬ್‌ಮೆರಿನ್, ಹಿಟ್ಲರನ ಮೀಸೆಗಳ ಪಕ್ಕ. ಅದೇ ರಾತ್ರಿ ಅದೇ ನಿಲ್ದಾಣದಲ್ಲಿ ಎಚ್ಚರವಿದ್ದ ಹೆಂಗಸರ ಪುಸ್ತಕಗಳು ಎಲ್ಲಿರುತ್ತವೆ ಅಂತ ಮಾತ್ರ ಹೇಳಲು ಬರುವುದಿಲ್ಲ. ಒಮ್ಮೊಮ್ಮೆ ಆತ್ಮಕಥೆಗಳ ಜೊತೆ, ಒಮ್ಮೊಮ್ಮೆ ಪ್ರೇಮಕಾದಂಬರಿಗಳ ರಾಶಿಯ ತಳದಲ್ಲಿ. ನೀಲಿ ಸಮವಸ್ತ್ರದ ಹುಡುಗಿ ನಗುತ್ತಿರುವ ಮುಖಪುಟ ನೋಡಿ ಅಂಗಡಿಯ ಹುಡುಗ ಅದನ್ನು ಗಗನಸಖಿಯ ಕತೆ ಅಂದುಕೊಂಡು ‘ಟ್ರಾವೆಲ್’ಗೆ ಸೇರಿಸಿದ್ದೂ ಉಂಟು. ಈ ಎರಡು ಜಾತಿಯ ಪುಸ್ತಕಗಳನ್ನೂ ಹುಡುಕಿ ತಂದು ಒಂದರ ಪಕ್ಕ ಒಂದು ಕೂರಿಸುವುದು ನನ್ನ ಹವ್ಯಾಸ.

ನಮ್ಮ ಭಾವನವರು ಮನೆಗೆ ಬಂದಾಗಲೆಲ್ಲ ಆ ಕಪಾಟಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. “ಅಲ್ಲಯ್ಯಾ, ನಿಮ್ಮ ವಂಶದಲ್ಲಿ ಒಬ್ಬರೂ ಮಿಲಿಟರಿಗೆ ಹೋದವರಲ್ಲ. ಇಂಗ್ಲೆಂಡಿನ ಹುಡುಗರು ಜರ್ಮನಿ ಮೇಲೆ ಬಾಂಬು ಹಾಕಿದ್ದಕ್ಕೂ ನಿನಗೂ ಏನು ಸಂಬಂಧ?” ಅವರು ನಿವೃತ್ತ ಆಡಿಟರು. ಸಂಬಂಧವಿಲ್ಲದ ಖರ್ಚು ಅವರ ಕಣ್ಣಿಗೆ ಬೇಗ ಬೀಳುತ್ತದೆ. ನಾನು ಕಾಫಿ ತರಿಸಿ ಮಾತು ಮರೆಸುತ್ತೇನೆ.

ಖರ್ಚಿನ ವಿಷಯಕ್ಕೆ ಬಂದರೆ ಅವರು ಹೆದರುವಷ್ಟೇನೂ ಇಲ್ಲ. ಬೆಂಗಳೂರಿನಲ್ಲಿ ಈ ಪುಸ್ತಕಗಳು ಸಿಕ್ಕರೆ ತಾನೆ ಖರ್ಚು? ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಇಟಿ ಗೈಡುಗಳದೇ ದರ್ಬಾರು. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಕಡೆ ಅದೃಷ್ಟ ಸ್ವಲ್ಪ ಮೇಲು. ದಂಡಿನ ಪ್ರದೇಶದಲ್ಲಿ ಯಾವುದೋ ಹಳೇ ಬಂಗಲೆ ಖಾಲಿಯಾದರೆ ಒಂದು ಮೂಟೆ ಬರುತ್ತದೆ, ಅದರೊಳಗೆ ಒಂದೋ ಎರಡೋ ನನ್ನವು. ಉಳಿದದ್ದೆಲ್ಲ ಲೀಡ್ಸ್‌ನಲ್ಲಿರುವ ನನ್ನ ತಂಗಿಯ ಮಗನ ಕೃಪೆ. ಅಲ್ಲಿನ ಚಾರಿಟಿ ಅಂಗಡಿಗಳಲ್ಲಿ ತಾತಂದಿರ ಪುಸ್ತಕಗಳನ್ನು ಮೊಮ್ಮಕ್ಕಳು ಪೆಟ್ಟಿಗೆಗಟ್ಟಲೆ ತಂದು ಸುರಿಯುತ್ತಾರಂತೆ. “ಮಾವ, ಈ ಸಲ ಚಾಕೊಲೇಟ್ ಕಡಿಮೆ ಮಾಡಿ ನಿಮ್ಮ ಬಾಂಬರ್ ತಂದಿದ್ದೀನಿ, ಅಮ್ಮಂಗೆ ಹೇಳ್ಬೇಡಿ” ಎಂದು ಅವನು ದೇವನಹಳ್ಳಿಯಲ್ಲಿ ಇಳಿದ ತಕ್ಷಣ ಫೋನ್ ಮಾಡುತ್ತಾನೆ. ಏರ್‌ಪೋರ್ಟಿನಲ್ಲಿ ನಿಂತುಕೊಂಡು ಆ ಶಬ್ದ ಗಟ್ಟಿಯಾಗಿ ಆಡಬೇಡವೋ ಅಂತ ಅವನಿಗೆ ಹೇಳಿ ಹೇಳಿ ಸಾಕಾಗಿದೆ.

ಯುದ್ಧದ ನಡುವೆಯೇ ಅಚ್ಚಾದ ಪ್ರತಿ ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗುತ್ತದೆ. ಕಾಗದ ತೆಳು, ಅಕ್ಷರ ಸಣ್ಣ, ಅಂಚು ಇಷ್ಟೇ ಇಷ್ಟು. ಕಾಗದಕ್ಕೂ ರೇಷನ್ ಬಂದು 1942ರಿಂದ ಬ್ರಿಟನ್ನಿನ ಪ್ರಕಾಶಕರು ಮಿತವ್ಯಯದ ಒಪ್ಪಂದಕ್ಕೆ ಒಳಪಟ್ಟಿದ್ದರು. ತೆರೆದ ಪುಸ್ತಕದ ಮೇಲೆ ಸಿಂಹ ಮಲಗಿದ ಸಣ್ಣ ಮುದ್ರೆ ಅದರ ಗುರುತು. ಈ ಪುಸ್ತಕಗಳಲ್ಲಿ ಯಾರಿಗೂ ಭಯವೇ ಆಗುವುದಿಲ್ಲ. ಐವತ್ತರ ದಶಕದ ಪಾಕೆಟ್ ಪುಸ್ತಕಗಳಲ್ಲಿ ಮುಖಪುಟದ ತುಂಬ ಬೆಂಕಿ, ಒಳಗೆ ಬರೀ ವೀರರು. ನನಗೆ ರುಚಿಸುವುದು ಅದಕ್ಕೂ ಈಚೆಯವು: ಕೆಲಸದಿಂದ ನಿವೃತ್ತರಾಗಿ, ಮಕ್ಕಳ ಮದುವೆ ಮುಗಿಸಿ, ಎಂಬತ್ತರ ದಶಕದಲ್ಲಿ ಯಾರೋ ಒಬ್ಬ ಮಾಜಿ ಸಾರ್ಜೆಂಟ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳು. ವಾಕ್ಯ ನೆಟ್ಟಗಿರುವುದಿಲ್ಲ, ಫೋಟೋಗಳು ಮಸಿ ಮಸಿ, ಆದರೆ ಕಾಲುಚೀಲದೊಳಗೆ ಬೆರಳು ಮರಗಟ್ಟಿದ್ದು ಮಾತ್ರ ಇವುಗಳಲ್ಲೇ ಸಿಗುತ್ತದೆ.

ಒಂದು ಲ್ಯಾಂಕಾಸ್ಟರ್ ಬಾಂಬರ್ ವಿಮಾನಕ್ಕೆ ಏಳು ಜನ: ಪೈಲಟ್, ಎಂಜಿನಿಯರ್, ದಾರಿ ಲೆಕ್ಕ ಹಾಕುವವನು, ಬಾಂಬು ಗುರಿ ಹಿಡಿಯುವವನು, ವೈರ್‌ಲೆಸ್‌ನವನು, ಇಬ್ಬರು ಗನ್ನರ್‌ಗಳು. ಇವರನ್ನು ಮೇಲಧಿಕಾರಿಗಳು ಪರೀಕ್ಷೆ ಮಾಡಿ ಜೋಡಿಸುತ್ತಿದ್ದರು ಅಂದುಕೊಂಡಿದ್ದೆ. ಹಾಗೇನಿಲ್ಲ. ತರಬೇತಿ ಮುಗಿಸಿದವರನ್ನೆಲ್ಲ ಒಂದು ಹ್ಯಾಂಗರಿಗೆ ಬಿಟ್ಟು “ನೀವು ನೀವೇ ಗುಂಪು ಮಾಡಿಕೊಳ್ಳಿ” ಅಂದುಬಿಡುತ್ತಿದ್ದರು. ನಗು ಚೆನ್ನಾಗಿದೆ ಅಂತ ಒಬ್ಬ, ಬೀರು ಕುಡಿಸಿದ ಅಂತ ಇನ್ನೊಬ್ಬ, ಹೀಗೆ ಮೊದಲು ಐವರು ಕೂಡಿಕೊಳ್ಳುವುದು, ದೊಡ್ಡ ವಿಮಾನಕ್ಕೆ ಹೋದಾಗ ಮತ್ತಿಬ್ಬರು ಸೇರುವುದು. ಸೇವೆಯ ಒಂದು ಸುತ್ತು ಅಂದರೆ ಮೂವತ್ತು ದಾಳಿ. ಬ್ರಿಟನ್ ವಾಯುಸೇನೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಎಲ್ಲರೂ ತಾವಾಗಿ ಬಂದು ಹೆಸರು ಬರೆಸಿದವರೇ. ನಗು ನೋಡಿ ಆರಿಸಿಕೊಂಡ ಆ ಪೈಲಟ್ಟಿಗೆ ಎಷ್ಟೋ ಸಲ ಇಪ್ಪತ್ತೆರಡೂ ತುಂಬಿರುತ್ತಿರಲಿಲ್ಲ. ನಮ್ಮಲ್ಲಿ ಆ ವಯಸ್ಸಿನವನಿಗೆ ಸ್ಕೂಟರಿನ ಕೀಲಿ ಕೊಡುವ ಮುಂಚೆ ಎರಡು ಸಲ ಯೋಚನೆ ಮಾಡುತ್ತೇವೆ.

ಗಂಡಸರ ಪುಸ್ತಕಗಳಲ್ಲಿ ರಾತ್ರಿ ಅಂದರೆ ಮೋಡ, ಸರ್ಚ್‌ಲೈಟು, ಗುಂಡು. ವಾಪಸು ಬಂದರೆ ಬೇಕನ್ (ಹಂದಿಮಾಂಸ), ಮೊಟ್ಟೆ. ಊರವರಿಗೆ ವಾರಕ್ಕೊಂದು ಮೊಟ್ಟೆ ಸಿಗುವ ಕಾಲದಲ್ಲಿ ದಾಳಿಗೆ ಹೋಗುವವರಿಗೆ ಅದು ವಿಶೇಷ ಸೌಲಭ್ಯ. “ನೀನು ಬರದೇ ಇದ್ದರೆ ನಿನ್ನ ಮೊಟ್ಟೆ ನನಗೆ” ಅನ್ನುವ ತಮಾಷೆ ನನ್ನ ಕಪಾಟಿನ ಎಷ್ಟು ಪುಸ್ತಕಗಳಲ್ಲಿದೆಯೋ ಲೆಕ್ಕವಿಟ್ಟಿಲ್ಲ. ಆದರೆ ಆ ಮೊಟ್ಟೆಯನ್ನು ಬಾಣಲೆಗೆ ಒಡೆದು ಹಾಕಿದ್ದು ಯಾರು, ಎಷ್ಟು ಒಡೆಯಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತಿತ್ತು? ಈ ಪ್ರಶ್ನೆ ಬಂದ ಮೇಲೆಯೇ ನಾನು ಎರಡನೇ ಕಪಾಟಿಗೆ ಹೋದದ್ದು.

ಬ್ರಿಟನ್ನಿನ ವಾಯುಸೇನೆಯ ಮಹಿಳಾ ಸಹಾಯಕ ದಳ, ಎಲ್ಲರ ಬಾಯಲ್ಲೂ ‘ವ್ಯಾಫ್’, ಶುರುವಾದದ್ದು 1939ರ ಜೂನಿನಲ್ಲಿ. 1943ರ ಹೊತ್ತಿಗೆ ಅದರಲ್ಲಿ 1,80,000ಕ್ಕೂ ಹೆಚ್ಚು ಹೆಂಗಸರು. ಸಂಬಳ ಗಂಡಸರದರ ಮೂರರಲ್ಲಿ ಎರಡು ಭಾಗ. (ಭಾವನವರಿಗೆ ಈ ಅಂಕಿ ಹೇಳಿದಾಗ ಮೊದಲ ಬಾರಿ ಒಂದು ಪುಸ್ತಕ ಕೈಗೆ ತೆಗೆದುಕೊಂಡು ನೋಡಿದರು.) ಅಡುಗೆ, ಟೈಪಿಂಗು ಮಾತ್ರವಲ್ಲ, ರೇಡಾರ್ ನೋಡುವುದು, ಪ್ಯಾರಾಚೂಟ್ ಮಡಿಸುವುದು, ಬಾಂಬು ತುಂಬಿದ ಗಾಡಿ ಎಳೆಯುವ ಟ್ರ್ಯಾಕ್ಟರ್ ಓಡಿಸುವುದು, ಎಂಜಿನ್ ಬಿಚ್ಚುವುದು. ವಿಮಾನದಿಂದ ತೆಗೆದ ಫೋಟೋಗಳನ್ನು ಭೂತಗನ್ನಡಿ ಹಿಡಿದು ಓದುವುದರಲ್ಲಂತೂ ಅವರದು ದೊಡ್ಡ ಹೆಸರು. ಜರ್ಮನರ ಹಾರುವ ಬಾಂಬನ್ನು 1943ರ ಕೊನೆಯಲ್ಲಿ ಅವರ ಪರೀಕ್ಷಾ ನೆಲೆ ಪೀನೆಮುಂಡೆಯ ಒಂದು ಚಿತ್ರದಲ್ಲಿ ಗುರುತು ಹಿಡಿದದ್ದು ಕಾನ್‌ಸ್ಟನ್ಸ್ ಬಾಬಿಂಗ್ಟನ್ ಸ್ಮಿತ್ ಎಂಬ ವ್ಯಾಫ್ ಅಧಿಕಾರಿಣಿ.

ಇವರ ಪುಸ್ತಕಗಳಲ್ಲಿ ರಾತ್ರಿ ಬೇರೆಯೇ. ಕಾರ್ಯಾಚರಣೆ ಕೋಣೆಯ ಗೋಡೆಗೆ ದೊಡ್ಡ ಕರಿಹಲಗೆ. ಒಂದೊಂದು ವಿಮಾನಕ್ಕೆ ಒಂದೊಂದು ಸಾಲು: ವಿಮಾನದ ಗುರುತಿನ ಅಕ್ಷರ, ಕ್ಯಾಪ್ಟನ್ನನ ಹೆಸರು, ಹೊರಟ ಸಮಯ. ಕೊನೆಯ ಅಂಕಣ ಇಳಿದ ಸಮಯಕ್ಕೆ. ಸಂಜೆ ಏಣಿಯ ಮೇಲೆ ನಿಂತು ಹೊರಟ ಸಮಯ ಬರೆದ ಹುಡುಗಿಯೇ ಬೆಳಗಿನ ಜಾವ ಸೀಮೆಸುಣ್ಣ ಹಿಡಿದು ಕಾಯುತ್ತಿರುತ್ತಾಳೆ. ಪಕ್ಕದ ಕಟ್ಟಡದಲ್ಲಿ ಇನ್ನೊಬ್ಬಳು ಮೈಕಿನ ಮುಂದೆ. ಲಿಂಕನ್‌ಷೈರಿನ ಮಂಜಿನೊಳಗೆ ಇಂಧನ ಮುಗಿಯುತ್ತಾ ಸುತ್ತುವವರಿಗೆ ಮೊದಲು ಕೇಳಿಸುವ ಊರ ದನಿ ಇವಳದು. ಸರದಿ ಪ್ರಕಾರ ಒಬ್ಬೊಬ್ಬರನ್ನೇ ಇಳಿಸಬೇಕು, ದನಿ ನಡುಗಬಾರದು. ಆಮೇಲೆ ರಮ್ ಬೆರೆಸಿದ ಚಹಾ, ಪ್ರಶ್ನೋತ್ತರ. ಅಂಕಣ ಖಾಲಿ ಉಳಿದ ಸಾಲನ್ನು ಕೂಡಲೇ ಒರೆಸುವ ಹಾಗಿಲ್ಲ. ಬೇರೆ ನಿಲ್ದಾಣದಲ್ಲಿ ಇಳಿದಿರಬಹುದು, ಫೋನು ಬರಬಹುದು. ಊಟದ ಮನೆಯಲ್ಲಿ ಆ ಲೆಕ್ಕವೇ ಮೊಟ್ಟೆಯ ಲೆಕ್ಕ.

ಗಂಡಸರು ಬರೆಯದೆ ಬಿಟ್ಟ ಇನ್ನೊಂದು ವಿಷಯ ಇಲ್ಲಿದೆ. ಒಬ್ಬ ವ್ಯಾಫ್ ಹುಡುಗಿಯ ಜೊತೆ ಓಡಾಡಿದ ಹುಡುಗ ವಾಪಸು ಬರಲಿಲ್ಲ ಅಂದುಕೊಳ್ಳಿ. ದುರದೃಷ್ಟ. ಇನ್ನೊಬ್ಬನೂ ಬರಲಿಲ್ಲ ಅಂದರೆ ಅವಳ ಮೇಲೆ ಮುದ್ರೆ ಬಿತ್ತು. ಆಮೇಲೆ ಡ್ಯಾನ್ಸಿನಲ್ಲಿ ಯಾರೂ ಅವಳ ಕೈ ಹಿಡಿಯುವುದಿಲ್ಲ. ರೇಡಾರ್, ನಾಲ್ಕು ಎಂಜಿನ್ ಎಲ್ಲ ಇದ್ದ ಇಪ್ಪತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಅಪ್ಪಟ ಕಾಲ್ಗುಣ, ನಮ್ಮ ಅತ್ತೆಯಂದಿರು ಹೊಸ ಸೊಸೆಯ ಮೇಲೆ ಹೊರಿಸುತ್ತಿದ್ದಂಥದ್ದೇ. ಹೊರಿಸುವವರೂ ಪಾಪ, ಹೊರಡುವ ಮುಂಚೆ ವಿಮಾನದ ಹಿಂದಿನ ಚಕ್ರಕ್ಕೆ ಉಚ್ಚೆ ಹೊಯ್ದರೆ ಕ್ಷೇಮ ಅಂತ ನಂಬಿದ್ದ ಹುಡುಗರು.

ಈ ಪುಸ್ತಕಗಳಲ್ಲಿ ಬರೀ ಅಳುವಿದೆ ಅಂದುಕೊಳ್ಳಬೇಡಿ. 1945ರ ಫೆಬ್ರವರಿಯಲ್ಲಿ ಹಿಬಲ್‌ಸ್ಟೋ ಎಂಬಲ್ಲಿ ಗಾಳಿ ಜೋರಿತ್ತು. ಅಂಥ ಗಾಳಿಯಲ್ಲಿ ಸ್ಪಿಟ್‌ಫೈರ್ ಎಂಬ ಫೈಟರ್ ವಿಮಾನ ನೆಲದ ಮೇಲೆ ಓಡುವಾಗ ಬಾಲ ಏಳದಿರಲಿ ಅಂತ ಅದರ ಮೇಲೆ ಒಬ್ಬರು ಕೂರುವ ಪದ್ಧತಿ. ಕೂತವಳು ಮಾರ್ಗರೆಟ್ ಹಾರ್ಟನ್ ಎಂಬ ವ್ಯಾಫ್. ಪೈಲಟ್ಟಿಗೆ ಅದು ತಿಳಿಯದೆ ಹಾರಿಯೇ ಬಿಟ್ಟ. ಅವಳು ಬಾಲವನ್ನು ತಬ್ಬಿಕೊಂಡಳು. ವಿಮಾನ ಯಾಕೋ ಮಾತು ಕೇಳುತ್ತಿಲ್ಲವಲ್ಲ ಅಂತ ಅವನು ಒಂದು ಸುತ್ತು ಹಾಕಿ ಇಳಿಸಿದ. ಇಬ್ಬರಿಗೂ ಏನೂ ಆಗಲಿಲ್ಲ.

ಇನ್ನು ನಿಕೊಲಸ್ ಆಲ್ಕಮೇಡ್ ಎಂಬ ಇಪ್ಪತ್ತೊಂದರ ಗನ್ನರನ ಕತೆ. ಲ್ಯಾಂಕಾಸ್ಟರಿನ ಬಾಲದ ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟಿಗೆ ಅಲ್ಲಿ ಜಾಗವಿಲ್ಲ, ಬಾಗಿಲ ಹಿಂದೆ ಇಡಬೇಕು. 1944ರ ಮಾರ್ಚಿನ ಒಂದು ರಾತ್ರಿ ವಿಮಾನಕ್ಕೆ ಬೆಂಕಿ ಬಿದ್ದು ಬಾಗಿಲು ತೆರೆದರೆ ಪ್ಯಾರಾಚೂಟೇ ಉರಿಯುತ್ತಿತ್ತು. ಸುಟ್ಟು ಸಾಯುವ ಬದಲು ಬಿದ್ದು ಸಾಯೋಣ ಅಂತ 18,000 ಅಡಿಯಿಂದ ಹಾರಿದ. ಪೈನ್ ಮರಗಳ ಕೊಂಬೆ ಮುರಿದುಕೊಂಡು ಹಿಮದ ಮೇಲೆ ಬಿದ್ದು, ಕಾಲು ಉಳುಕಿಸಿಕೊಂಡು ಎದ್ದು ಕೂತ. ಜರ್ಮನರು ಗೂಢಚಾರನೆಂದು ಗುಮಾನಿಪಟ್ಟು, ವಿಮಾನದ ಅವಶೇಷ ನೋಡಿದ ಮೇಲೆ ನಂಬಿದರು. ಈ ಕತೆ ನನ್ನ ಹತ್ತಿರ ನಾಲ್ಕಾರು ಪುಸ್ತಕಗಳಲ್ಲಿದೆ. ಪ್ಯಾರಾಚೂಟು ಬಿಚ್ಚಿಕೊಂಡು ಬದುಕಿದ ಸಾವಿರಾರು ಜನರ ಕತೆಗೆ ಅಷ್ಟು ಬೆಲೆ ಇಲ್ಲ. ಅದನ್ನು ಉದ್ದನೆಯ ಮೇಜಿನ ಮೇಲೆ ಹರವಿ, ಹಗ್ಗಕ್ಕೆ ಹಗ್ಗ ಸಿಕ್ಕದಂತೆ ಮಡಿಸಿದ ವ್ಯಾಫ್ ಹುಡುಗಿಯ ಕತೆಗಂತೂ ಒಂದು ಪುಟ ಸಿಕ್ಕರೆ ಹೆಚ್ಚು. ಬದುಕಿದವರಿಗೆ ತಯಾರಕ ಕಂಪನಿಯವರು ಚಿನ್ನದ ಪುಟ್ಟ ರೇಷ್ಮೆಹುಳದ ಪಿನ್ನು ಕೊಡುತ್ತಿದ್ದರು. ಜಪಾನಿನ ರೇಷ್ಮೆ ನಿಂತ ಮೇಲೆ ಮೈಸೂರು ಸೀಮೆಯ ರೇಷ್ಮೆಗೂ ಪ್ಯಾರಾಚೂಟಿನ ಬೇಡಿಕೆ ಬಂದಿತ್ತು. ಭಾವನವರ ‘ಸಂಬಂಧ’ಕ್ಕೆ ಇಷ್ಟು ಸಾಲದೇ?

ಸಾಲದಿದ್ದರೆ ಇನ್ನೂ ಇದೆ. ಬ್ರಿಟನ್ನಿನ ವಾಯುಸೇನೆಯಾದ ಆರ್‌ಎಎಫ್‌ನ ಲಾಂಛನಗಳ ಒಂದು ಪುಸ್ತಕ ತಿರುವುತ್ತಿದ್ದಾಗ ಸಿಂಹ, ಹದ್ದು, ಕತ್ತಿಗಳ ನಡುವೆ ಥಟ್ಟನೆ ನಮ್ಮ ಗಂಡಭೇರುಂಡ! 1941ರಲ್ಲಿ ಸ್ಪಿಟ್‌ಫೈರುಗಳೊಂದಿಗೆ ಮತ್ತೆ ಕಟ್ಟಿದ 129ನೇ ಸ್ಕ್ವಾಡ್ರನ್ನಿನ ಹೆಸರು ‘ಮೈಸೂರು’. ಸಂಸ್ಥಾನ ಕೊಟ್ಟ ದುಡ್ಡಿಗೆ ಪ್ರತಿಯಾಗಿ ಬಂದ ಹೆಸರು. ಅವರು ಬಾಂಬರ್‌ನವರಲ್ಲ, ಫೈಟರ್‌ನವರು. ಆದರೂ ಆ ಪುಸ್ತಕ ನನ್ನ ಕಪಾಟಿನಿಂದ ಕದಲುವುದಿಲ್ಲ.

ಎರಡು ಕಪಾಟಿಗೂ ಒಗ್ಗದೆ ‘ಗೂಢಚಾರರು’ ಅನ್ನುವ ಮೂರನೇ ಕಡೆ ಸಿಗುವವಳು ನೂರ್ ಇನಾಯತ್ ಖಾನ್, ನಮ್ಮ ಟಿಪ್ಪುವಿನ ವಂಶದವಳು. ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಬಳಿ ಬೆಳೆದು, ಮಕ್ಕಳಿಗಾಗಿ ಬರೆದ ಜಾತಕ ಕಥೆಗಳನ್ನು 1939ರಲ್ಲಿ ಪ್ರಕಟಿಸಿದ್ದಳು. 1940ರ ನವೆಂಬರಿನಲ್ಲಿ ವ್ಯಾಫ್ ಸೇರಿ ವೈರ್‌ಲೆಸ್ ಕಲಿತಳು. ಮುಂದಿನ ವರ್ಷ ಅವಳನ್ನು ಹಾಕಿದ್ದು ಎಲ್ಲಿಗೆ? ಬಾಂಬರ್ ತರಬೇತಿ ಶಾಲೆಗೆ. ಅಲ್ಲಿನ ಕೆಲಸ ಬೇಜಾರು ಬಂದು ಬೇರೆ ಹುದ್ದೆಗೆ ಅರ್ಜಿ ಹಾಕಿಕೊಂಡಳು. 1943ರ ಜೂನಿನಲ್ಲಿ ವೈರ್‌ಲೆಸ್ ಪೆಟ್ಟಿಗೆಯ ಕೆಲಸಕ್ಕೆ ಫ್ರಾನ್ಸಿಗೆ ರಹಸ್ಯವಾಗಿ ಇಳಿದಳು. ಸುತ್ತಲಿನವರೆಲ್ಲ ಸಿಕ್ಕಿಬಿದ್ದರೂ ವಾಪಸು ಬರಲು ಒಪ್ಪದೆ ಅಕ್ಟೋಬರಿನವರೆಗೆ ಸುದ್ದಿ ಕಳಿಸುತ್ತಿದ್ದಳು. 1944ರ ಸೆಪ್ಟೆಂಬರಿನಲ್ಲಿ ನಾಜಿಗಳು ಅವಳನ್ನು ಡಾಖೌ ಸೆರೆಶಿಬಿರದಲ್ಲಿ ಕೊಂದರು. ಬ್ರಿಟನ್ನಿನ ಶೌರ್ಯಪದಕ ಜಾರ್ಜ್ ಕ್ರಾಸ್ ಬಂದದ್ದು 1949ರಲ್ಲಿ. ಅವಳ ಪುಸ್ತಕಗಳು ಗೂಢಚಾರಿಕೆಯ ಆ ನಾಲ್ಕು ತಿಂಗಳನ್ನು ಗುಟುಕು ಗುಟುಕಾಗಿ ಹೇಳುತ್ತವೆ. ಬಾಂಬರ್ ಶಾಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೇಜಾರುಪಟ್ಟ ದಿನಗಳಿಗೆ ಎರಡು ಪುಟ. ನನಗೆ ಆ ಎರಡು ಪುಟವೇ ಬೇಕು.

ಕೆಳಗಿದ್ದ ಊರುಗಳ ಮಾತೆತ್ತದೆ ಈ ಸಂಗ್ರಹದ ಬಗ್ಗೆ ಹೊಗಳಿಕೊಳ್ಳುವುದು ತಪ್ಪಾಗುತ್ತದೆ. 1943ರ ಜುಲೈನಲ್ಲಿ ಹ್ಯಾಂಬರ್ಗಿನ ಬೆಂಕಿಗೆ 35 ಸಾವಿರಕ್ಕೂ ಹೆಚ್ಚು ಜನ, 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು 25 ಸಾವಿರ. ಗುರಿ ತೋರಿಸಲು ಮುಂದೆ ಹೋದ ವಿಮಾನಗಳು ಇಳಿಬಿಡುತ್ತಿದ್ದ ಕೆಂಪು ಹಸಿರು ದೀಪಗಳ ಅಂದವನ್ನು ಮೇಲಿದ್ದವರು ಬಣ್ಣಿಸುತ್ತಾರೆ. ಕೆಳಗಿನ ಜರ್ಮನರು ಅವನ್ನು ಕ್ರಿಸ್‌ಮಸ್ ಮರ ಅನ್ನುತ್ತಿದ್ದರು. ನನ್ನ ಸಾರ್ಜೆಂಟರು ಬಹಳ ಮಂದಿ ಈ ಜಾಗದಲ್ಲಿ ಒಂದು ವಾಕ್ಯ ಬರೆದು ಮುಂದಿನ ಪ್ಯಾರಾಕ್ಕೆ ಹೋಗುತ್ತಾರೆ. ಕೆಲವರು ಹೋಗಲಾರದೆ ಅಲ್ಲೇ ತಡವರಿಸುತ್ತಾರೆ. ತಡವರಿಸಿದವರ ಪುಸ್ತಕಗಳನ್ನು ನಾನು ಕಣ್ಣಿನ ಮಟ್ಟದ ಹಲಗೆಯ ಮೇಲೆ ಇಟ್ಟಿದ್ದೇನೆ.

ನನಗೆ ಈಗ ಬೇಕಾಗಿರುವ ಪುಸ್ತಕ ಲೀಡ್ಸಿನಲ್ಲಿ ಸಿಗುವುದಿಲ್ಲ. ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಸೇನೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ವಹಿಸಿಕೊಂಡು ಬಾಂಬರ್‌ಗಳ ರಿಪೇರಿ ನಡೆಸಿತು. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಕೈಕಾಲು ಮುರಿದು ಬಿಟ್ಟುಹೋದ ಲಿಬರೇಟರ್ ಬಾಂಬರ್ ವಿಮಾನಗಳನ್ನು ನಮ್ಮವರು ಅಲ್ಲೇ ತೇಪೆ ಹಾಕಿ, ಹಾರಿಸಿಕೊಂಡೇ ಬೆಂಗಳೂರಿಗೆ ತಂದರು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ತಂದವರು. ಇಲ್ಲಿ ಹೊಸದರಂತೆ ಮಾಡಿಕೊಟ್ಟದ್ದನ್ನು ನಮ್ಮ ವಾಯುಸೇನೆ 1968ರವರೆಗೆ ಹಾರಿಸಿತು. ಹಾಗೆ ಉಳಿದವುಗಳಲ್ಲಿ ಒಂದು ಈಗ ಬ್ರಿಟನ್ನಿನದೇ ಮ್ಯೂಸಿಯಂನಲ್ಲಿದೆ. ಸ್ಪ್ಯಾನರ್ ಹಿಡಿದ ಆ ಫಿಟ್ಟರ್‌ಗಳಲ್ಲಿ ಯಾರಾದರೊಬ್ಬರು, ಇಂದಿರಾನಗರದ ಕಡೆಯೋ ಮುರುಗೇಶಪಾಳ್ಯದ ಕಡೆಯೋ ಇದ್ದವರು, ಕನ್ನಡದಲ್ಲಿ ನಾಲ್ಕು ಪುಟ ಬರೆದಿಟ್ಟಿರಬಾರದೇಕೆ? ನಿಮ್ಮ ಅಟ್ಟದ ಮೇಲೆ ಅಂಥದ್ದೇನಾದರೂ ಇದ್ದರೆ ರದ್ದಿಯವನಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಅವನು ಕೊಡುವ ಬೆಲೆಗಿಂತ ಹೆಚ್ಚೇ ಕೊಡುತ್ತೇನೆ. ಚೌಕಾಸಿ ಮಾತ್ರ ಮಾಡೇ ಮಾಡುತ್ತೇನೆ. ಭಾವನವರಿಗೆ ಲೆಕ್ಕ ಒಪ್ಪಿಸಬೇಕಲ್ಲ.