ಪಿಕಪ್‌ಗಿಂತ ಮೊದಲು ಗಾಳಿಯ ಬಿಸಿ ನೋಡಿ
ಸಣ್ಣ ಕಾರಿಗೆ ಬೇರೆ ಏರ್ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಪೈಪ್ ಮತ್ತು ಫಿಲ್ಟರ್) ಕೂರಿಸಿ, ಪಿಕಪ್ ಹೆಚ್ಚಾಯಿತು ಎಂದು ಬರೆದಿದ್ದೀರಿ. ಫಿಟ್ಟಿಂಗ್ ವಿವರಣೆ ತುಂಬಾ ಚೆನ್ನಾಗಿದೆ, ಆದರೆ ಟೆಸ್ಟಿಂಗ್ ಸಾಲದು. ಓಪನ್ ಕೋನ್ ಫಿಲ್ಟರ್ (ಡಬ್ಬಿಯಿಲ್ಲದೆ ತೆರೆದಿರುವ ಶಂಕುವಿನಾಕಾರದ ಫಿಲ್ಟರ್) ಹಾಕಿದರೆ ಶಬ್ದ ಜೋರಾಗುತ್ತದೆ. ಅದನ್ನೇ ಪವರ್ ಅಂದುಕೊಳ್ಳುವುದು ಸುಲಭ. ನಿಮ್ಮ ಫೋಟೋದಲ್ಲಿ ಫಿಲ್ಟರ್ ರೇಡಿಯೇಟರ್ ಹಿಂದೆಯೇ ಇದೆ, ಬಿಸಿ ತಡೆಯುವ ಹೀಟ್ ಶೀಲ್ಡ್ ಕಾಣಿಸಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಅದು ಎಳೆಯುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ. ಗಾಳಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ, ಎಂಜಿನ್‌ಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ದಯವಿಟ್ಟು ಒಂದು ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಿಂದ ರೀಡಿಂಗ್ ಓದುವ ಸಾಧನ) ಹಾಕಿ ಇನ್‌ಟೇಕ್ ಟೆಂಪರೇಚರ್, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಎರಡನ್ನೂ ನೋಡಿ. ಹಳೇ ಫಿಲ್ಟರ್ ಬಾಕ್ಸ್‌ಗೂ ಹೊಸ ಪೈಪ್‌ಗೂ ಅದೇ ರಸ್ತೆ, ಅದೇ ಗೇರ್, ಎಂಜಿನ್ ಅಷ್ಟೇ ಬಿಸಿ ಇರಬೇಕು. ಲಾಂಗ್ ಟರ್ಮ್ ಟ್ರಿಮ್ (ದೀರ್ಘಾವಧಿಯ ಲೆಕ್ಕ) ಪ್ಲಸ್ ಕಡೆಗೆ ಶೇ. 10 ದಾಟಿದರೆ, ಪೈಪ್ ಬಿಗಿಯುವ ಕ್ಲ್ಯಾಂಪ್ ಸಡಿಲವಾಗಿ, ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್‌ನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿರಬಹುದು. ಇಲ್ಲವೇ ಸೆನ್ಸರ್ ಕೂರುವ ಕಡೆ ಪೈಪ್ ಮೊದಲಿಗಿಂತ ಅಗಲವಿದ್ದು, ಅದು ಗಾಳಿಯನ್ನು ಕಡಿಮೆ ಅಳೆಯುತ್ತಿರಬಹುದು. ಎಣ್ಣೆ ಹಚ್ಚುವ ಫಿಲ್ಟರ್ ಆಗಿದ್ದರೆ, ಹೆಚ್ಚಾದ ಎಣ್ಣೆ ಸೆನ್ಸರ್‌ನ ಕೂದಲೆಳೆಯಂಥ ತಂತಿಗೆ ಅಂಟಿ ರೀಡಿಂಗ್ ಕೆಡಿಸುತ್ತದೆ.

ತಣ್ಣನೆ ಗಾಳಿಗೆಂದು ಫಿಲ್ಟರನ್ನು ಬಂಪರ್ ಕೆಳಗೆ ಮಾತ್ರ ಇಳಿಸಬೇಡಿ. ನೀರು ನಿಂತ ರಸ್ತೆಯಲ್ಲಿ ಎಂಜಿನ್ ನೀರು ಹೀರಿದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು.