ಚೀರಿದ್ರ ನಾಟಕ, ಸುಮ್ನ ಕುಂತ್ರ ನೋವಿಲ್ಲ

ನಮ್ಮ ಚಿಗವ್ವ ಮಾನ್ವಿ ಕಡಿಯಾಕಿ, ಭತ್ತ ನಾಟಿಗೆ, ಹತ್ತಿ ಬಿಡಸಾಕ ಹೋಗ್ತಾಳ. ಹೋದ ತಿಂಗಳು ಒಂದಿನ ರಾತ್ರಿ ನಡ ಹಿಡಕೊಂಡು ಹೊಳ್ಳಾಡಾಕ ಹತ್ತಿದ್ಲು, ಟಂಟಂ ಮಾಡ್ಕೊಂಡು ರಾಯಚೂರಿಗೆ ಕರಕೊಂಡು ಬಂದ್ವಿ. ಆಸ್ಪತ್ರಿ ಹೆಸರು ಬರಿಯಲ್ಲ. ಒಳಗ ಕಾಲಿಡೋದ್ರೊಳಗ ‘ಏ ಯಾಕ ಹಂಗ ಚೀರ್ತಿ, ನಾಟಕ ಮಾಡಬ್ಯಾಡ, ಸುಮ್ನ ಕುಂದ್ರು’ ಅಂದ್ರು. ಪಾಪ ಅಂಜಿ ಸೆರಗು ಬಾಯಾಗ ತುರುಕ್ಕೊಂಡು ಬೆಂಚಿನ ಮ್ಯಾಲೆ ಮುದುಡಿ ಕುಂತ್ಲು. ಅರ್ಧ ತಾಸಾದ ಮ್ಯಾಲೆ ನಾ ಹೋಗಿ ಕೇಳಿದ್ರ ‘ಈಗ ಸುಮ್ನದಾಳಲ್ರೀ ಸರ್, ಕಡಿಮಿ ಆಗಿರ್ತದ ಬಿಡ್ರಿ’ ಅಂದ್ರು. ಆಕಿಗೆ ‘ಏ’, ಇಸ್ತ್ರಿ ಅಂಗಿ ಹಾಕ್ಕೊಂಡಿದ್ದ ನನಗ ‘ಸರ್’.

ನಮ್ಮ ಹಿಂದ ಕಾರಿನಾಗ ಒಬ್ರು ಬಂದ್ರು, ಅವ್ರದೂ ಅದೇ ನಡ ನೋವು, ಹತ್ತು ನಿಮಿಷದಾಗ ಇಂಜೆಕ್ಷನ್ ಆತು. ಅವ್ರ ಮ್ಯಾಲೆ ನನಗ ಸಿಟ್ಟಿಲ್ಲ, ಅವ್ರಿಗೂ ನೋವಿತ್ತು. ರಾತ್ರಿ ಡ್ಯೂಟಿಗೆ ಒಬ್ಬ ಸಿಸ್ಟರ್ ಎಷ್ಟ್ ಮಂದೀನ ನೋಡ್ಬೇಕು ಅನ್ನೋದೂ ಗೊತ್ತದ, ಆದ್ರ ಅದೇ ರಷ್‌ನಾಗ ಅವ್ರಿಗೆ ಸಿಕ್ಕಿದ್ದು ಚಿಗವ್ವಗ ಯಾಕ ಸಿಗಲಿಲ್ಲ?

ಮುಂಜಾನೆ ಸ್ಕ್ಯಾನಿಂಗ್‌ನಾಗ ಕಿಡ್ನಿ ಸ್ಟೋನ್ ಅಂತ ಬಂತು. ಕಲ್ಲು ಮೂತ್ರನಾಳಕ್ಕ ಇಳಿದು ಸಿಕ್ಕೊಂಡ್ರ ಮನಷ್ಯಾ ಒಂದು ಕಡಿ ಕುಂದ್ರಾಕ ಆಗಲ್ಲ, ಮಲಗಾಕ ಆಗಲ್ಲ, ಆ ಹೊಳ್ಳಾಟನೇ ಅದರ ಲಕ್ಷಣ ಅಂತ ಡಾಕ್ಟರ್‌ಗಳ ಪುಸ್ತಕದಾಗನೇ ಅದ, ಅದನ್ನ ಇವ್ರು ನಾಟಕ ಅಂದ್ರು. ಇದಕ್ಕ ಸಾಮಾನ್ಯವಾಗಿ ಮೊದ್ಲು ಕೊಡೋದು ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ದೊಡ್ಡ ರೊಕ್ಕದ್ದೇನಲ್ಲ. (ಈ ಬಿಸಿಲಾಗ ಇಡೀ ದಿನ ಹೊಲದಾಗ ಇರೋ ಹೆಣಮಕ್ಳು ನೀರು ಕಡಿಮಿ ಕುಡಿತಾರ, ಯಾಕಂದ್ರ ಹೋಗಾಕ ಮರಿ ಜಾಗ ಇರಲ್ಲ. ನೀರು ಕಡಿಮಿ ಆದ್ರ ಕಲ್ಲು ಆಗೋದು ಜಾಸ್ತಿ.)

2016ರಾಗ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವ್ರು 222 ಬಿಳಿಯ ಮೆಡಿಕಲ್ ವಿದ್ಯಾರ್ಥಿಗಳು, ರೆಸಿಡೆಂಟ್ ಡಾಕ್ಟರ್‌ಗಳನ್ನ ಕೇಳಿ ನೋಡಿದ್ರು. ಕರಿಯರ ಚರ್ಮ ದಪ್ಪ ಅನ್ನೋಂಥ ಸುಳ್ಳುಗಳಾಗ ಒಂದನ್ನಾದ್ರೂ ಸುಮಾರು ಅರ್ಧ ಮಂದಿ ನಂಬಿದ್ರು, ಹಂಗ ನಂಬಿದವ್ರು ಕರಿಯ ರೋಗಿಯ ನೋವನ್ನ ಕಡಿಮಿ ಅಳೆದ್ರು. ಓದಿದಾಗ ನನಗ ನಮ್ಮ ಮಂದಿ ಮಾತೇ ನೆನಪಾತು, ‘ಕೂಲಿಯವ್ರ ಮೈ ಗಟ್ಟಿರಿ, ತಡಕೊಂತಾರ’. ಅಲ್ಲಿ ಬಣ್ಣ, ಇಲ್ಲಿ ಸೀರಿ, ಮಾತು, ಯಾವ ಕೇರಿಯವ್ರು ಅನ್ನೋದು. ನೋವಿನ ಅಧ್ಯಯನ ಮಾಡೋ ಅಂತರರಾಷ್ಟ್ರೀಯ ಸಂಘ 2020ರಾಗ ನೋವಿನ ವ್ಯಾಖ್ಯಾನ ತಿದ್ದಿದಾಗ, ರೋಗಿ ನೋವು ಅಂದ್ರ ಆ ಮಾತಿಗೆ ಬೆಲಿ ಕೊಡ್ಬೇಕು, ಬಾಯಿ ಬಿಟ್ಟು ಹೇಳಾಕ ಆಗದಿದ್ರ ನೋವಿಲ್ಲ ಅಂತಲ್ಲ ಅಂತ ಎರಡೂ ಬರದದ. ಚಿಗವ್ವ ಆ ರಾತ್ರಿ ಎರಡೂ ಮಾಡಿದ್ಲು, ಚೀರಿದ್ಲು, ಸುಮ್ನೂ ಕುಂತ್ಲು.

ಮೊನ್ನೆ ಮತ್ತ ನೋವು ಬಂದಿತ್ತಂತ. ಯಾರಿಗೂ ಹೇಳ್ದ ಬೆಳತನ ಗ್ವಾಡಿಗೆ ಒರಗಿ ಕುಂತಾಳ. ಫೋನ್ ಮಾಡ್ಬೇಕಿಲ್ಲೇನು ಅಂತ ಕೇಳಿದ್ರ, ‘ಬ್ಯಾಡಪ್ಪಾ, ಮತ್ತ ಬೈತಾರ’ ಅಂದ್ಲು.