ಗೋಡೆಗೆ ಕಾಲು ಆನಿಸಿ ಹತ್ತು ನಿಮಿಷ

ಅರವತ್ತು ದಾಟಿದವರೂ ಮಲಗುವ ಮುಂಚೆ ಸೂರ್ಯನಮಸ್ಕಾರ ಮಾಡಿದರೆ ವಾರದಲ್ಲೇ ನಿದ್ದೆ ಸರಿಹೋಗುತ್ತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೀಗ 68. ರಾತ್ರಿ ಮಾಡಿದ ದಿನ ಎದೆ ಡವಡವ, ಹನ್ನೆರಡಾದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಅದನ್ನ ಬೆಳಿಗ್ಗೆಗೆ ಹಾಕಿಕೊಂಡೆ.

ಈಗ ಊಟವಾಗಿ ಎರಡು ಗಂಟೆ ಬಿಟ್ಟು, ಗೋಡೆ ಪಕ್ಕ ಜಮಖಾನ ಹಾಸಿ, ಸೊಂಟದಡಿ ಮಡಿಚಿದ ಕಂಬಳಿ ಇಟ್ಟು, ಕಾಲೆರಡನ್ನೂ ಗೋಡೆಗೆ ಆನಿಸಿ ಮಲಗ್ತೀನಿ. ಕಾಲು ಮೇಲೆ, ತಲೆ ಕೆಳಗೆ ಮಾಡುವ ವಿಪರೀತಕರಣಿ ಅನ್ನೋ ಯೋಗಭಂಗಿಯ ಸುಲಭ ರೂಪ ಇದು. ಸಂಜೆ ಊದಿಕೊಂಡ ಪಾದ ಹಗುರಾಗೋದು ಗೊತ್ತಾಗುತ್ತೆ. ಏಳುವಾಗ ಮಾತ್ರ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ. ನಾನೊಮ್ಮೆ ಧಡಕ್ಕನೆ ಎದ್ದು, ತಲೆ ಸುತ್ತಿ ಮಂಚ ಹಿಡ್ಕೊಂಡೆ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದವರು ಕಣ್ಣಿನ ಡಾಕ್ಟರನ್ನ ಕೇಳದೆ ಇದಕ್ಕೆ ಕೈಹಾಕಬೇಡಿ. ಆಮೇಲೆ ಏಳೆಂಟು ಸಲ ಭ್ರಾಮರಿ, ಅಂದರೆ ದುಂಬಿಯ ಹಾಗೆ ಗುಂಯ್‌ಗುಡುತ್ತಾ ಉಸಿರು ಬಿಡುವ ಪ್ರಾಣಾಯಾಮ. "ಶುರುವಾಯ್ತು ನಿನ್ನ ಮಿಕ್ಸಿ" ಅಂತ ಗೊಣಗುವ ನಮ್ಮೆಜಮಾನರು ನನಗಿಂತ ಮೊದಲು ಗೊರಕೆ!

ವಾರದಲ್ಲೇ ಸರಿಹೋಗುತ್ತೆ ಅನ್ನೋ ಮಾತು ಬಿಡಿ. ಬೆಂಗಳೂರಿನ ಸಂಶೋಧಕರು ವೃದ್ಧಾಶ್ರಮದ 69 ಮಂದಿಯನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಗ ಮಾಡಿದವರ ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿದ್ದು ಆರು ತಿಂಗಳ ನಂತರ. ನನಗೂ ಮೂರು ತಿಂಗಳೇ ಹಿಡೀತು. ಬಾತ್‌ರೂಮಿಗೆ ಅಂತ ಮೂರು ಗಂಟೆಗೆ ಏಳೋದು ಇನ್ನೂ ತಪ್ಪಿಲ್ಲ, ಆದರೆ ಮತ್ತೆ ಮಲಗಿದರೆ ನಿದ್ದೆ ಬರುತ್ತೆ.